ಉಪಮೆಯೋ, ರೂಪಕವೋ, ಗಾದೆಯೋ, ಇದ್ದದ್ದು ಇದ್ದ ಹಾಗೋ?

ನಮ್ಮೂರು ಹಾವೇರಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಊರ ಕೆರೆಯ ಹೂಳು ತೆಗೆಯಬೇಕು ಅಂತ ಹಿರಿಯರು ತೀರ್ಮಾನ ಮಾಡಿದರು. ಪಂಚಾಯಿತಿಯ ಒಪ್ಪಿಗೆಯೂ ಸಿಕ್ಕಿತು. ಕರಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನಿರುವುದು ಹುಬ್ಬಳ್ಳಿಯಲ್ಲಿ. ಅರ್ಜಿ, ಬೀಳ್ಕೊಡುಗೆಯ ಮಾತು, ಶ್ರದ್ಧಾಂಜಲಿ, ಮದುವೆಯ ಕರೆಯೋಲೆ ಹೀಗೆ ಗೊತ್ತಿದ್ದವರು ಏನು ಕೇಳಿದರೂ ಬರೆದುಕೊಡುತ್ತಾ ಬಂದಿದ್ದೇನೆ. ಈ ಕರಪತ್ರಕ್ಕೆ ಮಾತ್ರ ಮನಸ್ಸಿಟ್ಟು ಒಂದು ವಾರ ಕೂತೆ. ಹೀಗೆ ಶುರು ಮಾಡಿದ್ದೆ:

“ಕೆರೆ ನಮ್ಮ ತಾಯಿ. ಆ ತಾಯಿಯ ಉಸಿರು ಇಂದು ಹೂಳಿನಲ್ಲಿ ಕಟ್ಟುತ್ತಿದೆ. ಅವಳ ಮಡಿಲು ಬರಿದಾಗಿದೆ. ಮಕ್ಕಳಾದ ನಾವು ಕಣ್ಣು ಮುಚ್ಚಿ ಕೂರಬಹುದೇ?”

ಓದಿದವರೆಲ್ಲ “ಭಾಳ ಛಲೋ ಬರ್ದೀಯಪ್ಪಾ” ಅಂದರು. ಮಡಚಿ ಜೇಬಿಗೆ ಇಟ್ಟುಕೊಂಡರು. ಯಾವತ್ತು ಬರಬೇಕು, ಏನು ತರಬೇಕು ಅಂತ ಒಬ್ಬರೂ ಕೇಳಲಿಲ್ಲ. ಹದಿನೈದು ದಿನ ಕಳೆಯಿತು. ಎರಡನೇ ಸಲ ಹೀಗೆ ಬರೆದೆ:

“ನಮ್ಮ ಕೆರೆಗೆ 12 ಪಾವಟಿಗೆ. ಈಗ ಕಾಣುವುದು 5. ಉಳಿದ 7 ಹೂಳಿನಲ್ಲಿವೆ. ಬರುವ ಸೋಮವಾರ ಮುಂಜಾನೆ 7 ಗಂಟೆಗೆ ಕೆಲಸ ಶುರು. ಟ್ರ್ಯಾಕ್ಟರ್ ತಂದವರು ಹೂಳನ್ನು ತಮ್ಮ ಹೊಲಕ್ಕೆ ಒಯ್ಯಬಹುದು.”

ಪಾವಟಿಗೆ ಅಂದರೆ ಕೆರೆಗೆ ಇಳಿಯುವ ಮೆಟ್ಟಿಲು. ಸೋಮವಾರ ನಮ್ಮೂರಲ್ಲಿ ಎತ್ತು ಹೂಡುವುದಿಲ್ಲ. ಹಾಗಾಗಿ ಆ ದಿನವನ್ನೇ ಹಿಡಿದಿದ್ದೆವು. ಸಂಜೆ ನಮ್ಮ ಓಣಿಯ ಅಜ್ಜಿಯೊಬ್ಬರಿಗೆ ಅವರ ಮೊಮ್ಮಗ ಕರಪತ್ರ ಓದಿ ಹೇಳಿದ. ಅವರು ಸೀದಾ ನಮ್ಮ ಮನೆಗೆ ಬಂದರು. “ಯಪ್ಪಾ, ಎಂಟನೇ ಪಾವಟಿಗಿ ಮ್ಯಾಲ ನಾವು ಅರಬಿ ಒಗೀತಿದ್ವಿ. ಅದೂ ಮುಚ್ಚೇತೇನು?” ಅಂತ ಕೇಳಿದರು. ಆಮೇಲೆ ಅವರೇ ನಾಲ್ಕು ಮನೆಗೆ ಹೋಗಿ ಹೇಳಿ ಬಂದರು. ಸೋಮವಾರ ಟ್ರ್ಯಾಕ್ಟರ್‌ಗಳು ಬಂದವು.

ಅದೇ ಕೆರೆ, ಅದೇ ಜನ, ಬರೆದವನೂ ನಾನೇ. ಬದಲಾದದ್ದು ಹೇಳಿದ ರೀತಿ ಒಂದೇ. ಅವತ್ತಿನಿಂದ ಏನು ಬರೆಯುವಾಗಲೂ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಓದಿ ಮುಗಿಸಿದ ಮೇಲೆ ಓದಿದವರು ಏನು ಮಾಡಬೇಕು? ಎದ್ದು ಬರಬೇಕೋ, ಅರ್ಥ ಮಾಡಿಕೊಳ್ಳಬೇಕೋ, ನೆನಪಿಡಬೇಕೋ, ಅಥವಾ ಸುಮ್ನೆ ನಮ್ಮ ಜೊತೆ ಒಂದು ಗಳಿಗೆ ಕೂರಬೇಕೋ? ಇದಕ್ಕೆ ಉತ್ತರ ಸಿಕ್ಕರೆ ಯಾವ ಅಲಂಕಾರ ಬೇಕು ಅನ್ನುವುದು ಬಹುಪಾಲು ತಾನೇ ಗೊತ್ತಾಗುತ್ತದೆ. ಹೀಗೆ ಬರೆಯುತ್ತಾ ನಾನು ಕಂಡುಕೊಂಡದ್ದನ್ನು ಇಲ್ಲಿ ಹೋಲಿಸಿ ಹೇಳುತ್ತೇನೆ. ಕವಿತೆ ಬರೆಯುವವರಿಗಿಂತ ಜಾಸ್ತಿ, ದಿನದ ಬರವಣಿಗೆ ಮಾಡುವವರಿಗೆ ಇದು ಬೇಕಾಗಬಹುದು.

ಉಪಮೆ, ರೂಪಕ: ‘ಹಾಗೆ’ ಎಂಬ ಪದ ಇದ್ದರೆ, ಇಲ್ಲದಿದ್ದರೆ

ಶಾಲೆಯಲ್ಲಿ ನಾವೆಲ್ಲ ಕಲಿತಿದ್ದೇವೆ. ಮುಖ ಕಮಲದಂತೆ ಅರಳಿತು ಅಂದರೆ ಉಪಮೆ. ಮುಖಕಮಲ ಅರಳಿತು ಅಂದರೆ ರೂಪಕ. ಉಪಮೇಯ, ಉಪಮಾನ, ಸಮಾನಧರ್ಮ, ವಾಚಕಪದ ಅಂತ ನಾಲ್ಕು ಭಾಗ ಬರೆದು ನಾಲ್ಕು ಅಂಕ ತಗೊಂಡು ಮುಂದೆ ಹೋದೆವು. ಆದರೆ ಓದುವವರ ಮೇಲೆ ಈ ಎರಡೂ ಮಾಡುವ ಕೆಲಸ ಎಷ್ಟು ಬೇರೆ ಅಂತ ಯಾರೂ ಹೇಳಲಿಲ್ಲ.

‘ಅಂತೆ’, ‘ಹಾಗೆ’ ಎಂಬ ಪದ ಇದ್ದಾಗ ಎರಡು ವಸ್ತುಗಳ ನಡುವೆ ಜಾಗ ಉಳಿಯುತ್ತದೆ. ಓದುವವರು ಆ ಜಾಗದಲ್ಲಿ ನಿಂತು ಯೋಚಿಸಬಹುದು. ಯಾವ ವಿಷಯದಲ್ಲಿ ಹಾಗೆ? ಎಷ್ಟರ ಮಟ್ಟಿಗೆ ಹಾಗೆ? ‘ಇಲ್ಲ, ಇದು ಹಾಗಿಲ್ಲ’ ಅನ್ನುವುದಕ್ಕೂ ಅವರಿಗೆ ಅವಕಾಶ ಇರುತ್ತದೆ. ರೂಪಕದಲ್ಲಿ ಆ ಜಾಗ ಇಲ್ಲ. ಎರಡನ್ನೂ ಒಂದೇ ಎಂದು ಹೇಳಿ ಮುಗಿಸಿರುತ್ತೇವೆ. ಒಪ್ಪಿದರೆ ಪೂರ್ತಿ ಒಪ್ಪಬೇಕು.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಕಾಕಾ ಒಬ್ಬರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾಯಿತು. ಏನೂ ನೋವಿಲ್ಲ, ಹಾಗಾಗಿ ಮಾತ್ರೆ ತಗೊಳ್ಳಲು ಅವರಿಗೆ ಮನಸ್ಸಿಲ್ಲ. ನಾನು ಹೇಳಿದೆ, “ಕಾಕಾ, ಒಂದು ವಿಷಯದಾಗ ಇದು ಗೆದ್ದಲಿದ್ದಂಗ. ಬಾಗಿಲ ಚೌಕಟ್ಟು ಹೊರಗಿಂದ ಗಟ್ಟಿ ಕಾಣತೈತಿ. ಒಳಗ ತಿಂತಿರೋದು ಗೊತ್ತಾಗೂದಿಲ್ಲ.” ಅವರಿಗೆ ಅರ್ಥವಾಯಿತು. ನೋವಿಲ್ಲ ಅಂದರೆ ಕಾಯಿಲೆ ಇಲ್ಲ ಅಂತಲ್ಲ ಅನ್ನುವುದು ತಲೆಗೆ ಹೋಯಿತು. ಮಾತ್ರೆ ಶುರು ಮಾಡಿದರು.

ಇನ್ನೊಬ್ಬ ನೆಂಟರು ಅದೇ ಮಾತನ್ನು ಅವರ ಮುಂದೆ ಬೇರೆ ರೀತಿ ಹೇಳಿದರು. “ಮೈಗೆ ಗೆದ್ದಲು ಹತ್ತೈತಿ, ಇನ್ನೇನು!” ಕಾಕಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಗೆದ್ದಲು ತಿಂದ ಮರ ಮತ್ತೆ ಗಟ್ಟಿಯಾಗುವುದಿಲ್ಲ. ಸಕ್ಕರೆ ಕಾಯಿಲೆಯಾದರೆ ಊಟ, ನಡಿಗೆ, ಮಾತ್ರೆ ಸರಿ ಇಟ್ಟುಕೊಂಡರೆ ಹಿಡಿತದಲ್ಲಿರುತ್ತದೆ. ರೂಪಕವು ಬೇಕಾದ ಒಂದು ಹೋಲಿಕೆಯ ಜೊತೆ ಬೇಡವಾದ ಹತ್ತು ಹೋಲಿಕೆಗಳನ್ನೂ ಎಳೆದು ತಂದಿತ್ತು. ಉಪಮೆಯಲ್ಲಿ ‘ಒಂದು ವಿಷಯದಾಗ’ ಅಂತ ಬೇಲಿ ಹಾಕಬಹುದು.

ಹಾಗಾಗಿ ನನ್ನ ಪದ್ಧತಿ ಇದು. ತಿಳಿಸಿ ಹೇಳಬೇಕಾದಾಗ ಉಪಮೆ. ಕಾಯಿಲೆ, ಕಾನೂನು, ಬ್ಯಾಂಕಿನ ಬಡ್ಡಿ, ಯಂತ್ರ ಇವುಗಳ ಬಗ್ಗೆ ಬರೆಯುವಾಗ ಉಪಮೆ ಹಾಕಿ, ಯಾವುದರಲ್ಲಿ ಹೋಲುತ್ತದೆ, ಯಾವುದರಲ್ಲಿ ಹೋಲುವುದಿಲ್ಲ ಎರಡನ್ನೂ ಹೇಳಿಬಿಡಿ. ಓದುವವರು ಮೊದಲೇ ನಮ್ಮ ಜೊತೆ ಒಂದೇ ಮನಸ್ಸಿನಲ್ಲಿದ್ದಾಗ ರೂಪಕ ಚೆನ್ನಾಗಿ ಕೂರುತ್ತದೆ. ಬೀಳ್ಕೊಡುಗೆಯಲ್ಲಿ, ಹರಸುವಾಗ, ಹಾಡಿನಲ್ಲಿ, ಹೆಸರಿಡುವಾಗ.

ಹೆಸರಿಡುವುದು ಅಂದೆ. ಹುಬ್ಬಳ್ಳಿ-ಧಾರವಾಡದ ನಡುವೆ ತನ್ನದೇ ಪ್ರತ್ಯೇಕ ಪಥದಲ್ಲಿ ಓಡುವ ಬಿಆರ್‌ಟಿಎಸ್ ಬಸ್ಸಿಗೆ ‘ಚಿಗರಿ’ ಅಂತ ಹೆಸರು. ಚಿಗರಿ ಅಂದರೆ ಜಿಂಕೆ. ಒಂದೇ ಪದದಲ್ಲಿ ವೇಗವೂ ಬಂತು, ನಮ್ಮ ನಾಡಿನ ಮಾತೂ ಬಂತು. ‘ಚಿಗರಿಯಂಥ ಬಸ್ಸು’ ಅಂತ ಇಟ್ಟಿದ್ದರೆ ಯಾರ ಬಾಯಲ್ಲೂ ನಿಲ್ಲುತ್ತಿರಲಿಲ್ಲ. ಈಗ “ಚಿಗರಿ ಹತ್ತಿ ಬಾ” ಅನ್ನುವಾಗ ಯಾರ ಕಣ್ಣ ಮುಂದೆಯೂ ಜಿಂಕೆ ಬರುವುದಿಲ್ಲ, ಬಸ್ಸೇ ಬರುತ್ತದೆ. ರೂಪಕ ಬಳಸುತ್ತಾ ಬಳಸುತ್ತಾ ಸಾದಾ ಪದವಾಗುವುದು ಹೀಗೆ. ಕೊಡದ ಬಾಯಿ, ಕುರ್ಚಿಯ ಕಾಲು, ಹೊತ್ತು ಮುಳುಗುವುದು ಎಲ್ಲವೂ ಎಂದೋ ಯಾರಿಗೋ ಹೊಸದಾಗಿ ಹೊಳೆದ ಮಾತುಗಳೇ. ಅವು ಪೂರ್ತಿ ಸವೆದಿವೆ, ತೊಂದರೆ ಇಲ್ಲ.

ತೊಂದರೆ ಇರುವುದು ಅರ್ಧ ಸವೆದವುಗಳಲ್ಲಿ. ‘ಆಕ್ರಂದನ ಮುಗಿಲು ಮುಟ್ಟಿತ್ತು’, ‘ಕಣ್ಣೀರ ಕೋಡಿ ಹರಿಯಿತು’. ಅಲಂಕಾರದ ಹಾಗೆ ಕಾಣುತ್ತವೆ, ಆದರೆ ಓದುವವರ ಕಣ್ಣಿಗೆ ಏನನ್ನೂ ತೋರಿಸುವುದಿಲ್ಲ. ಕೋಡಿ ಎಷ್ಟು ಒಳ್ಳೆಯ ಪದ! ಕೆರೆ ತುಂಬಿ ಇನ್ನು ಹಿಡಿಯಲಾರದೆ ಒಂದು ಕಡೆಯಿಂದ ನೀರು ಹೊರಗೆ ಬೀಳುವುದನ್ನು ನೋಡಿದವರಿಗೆ ಆ ಪದದ ಭಾರ ಗೊತ್ತು. ನೀವು ಅದನ್ನು ಬಳಸಲೇಬೇಕಾದರೆ ಅದರ ಹಿಂದಿನ ತುಂಬುವಿಕೆಯನ್ನೂ ಬರೆಯಿರಿ. “ಮೂರು ದಿನ ತಡೆದುಕೊಂಡಿದ್ದಳು. ನಾಲ್ಕನೇ ದಿನ ಅಣ್ಣ ಬಂದು ಬಾಗಿಲಲ್ಲಿ ನಿಂತಾಗ ಕೋಡಿ ಬಿತ್ತು.” ಈಗ ಅದೇ ಹಳೆಯ ಪದಕ್ಕೆ ನೀರು ಬಂತು, ಅಲ್ವಾ?

ರೂಪಕದ ವಿಷಯದಲ್ಲಿ ನಮ್ಮ ಕಡೆಯವರು ಹಿಂದೆ ಬೀಳುವ ಕಾರಣವೇ ಇಲ್ಲ. ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಅಂತ ಕರೆಸಿಕೊಂಡ ಕುಮಾರವ್ಯಾಸ ಹುಬ್ಬಳ್ಳಿ ಹತ್ತಿರದ ಕೋಳಿವಾಡದವನು, ಗದುಗಿನ ವೀರನಾರಾಯಣನ ಭಕ್ತ. ಅವನಿಂದ ನಾನು ಕಲಿತದ್ದು ಒಂದು ರೂಪಕವನ್ನು ಹಿಡಿದರೆ ಬಿಡದೆ ಕೊನೆಯವರೆಗೆ ನಡೆಸುವುದು. ಹೊಸದಾಗಿ ಬರೆಯುವವರು ಇದಕ್ಕೆ ವಿರುದ್ಧ ಮಾಡುತ್ತಾರೆ. ‘ಶಿಕ್ಷಣವೆಂಬ ದೀಪ ಬೇರು ಬಿಟ್ಟು ಊರನ್ನು ದಡ ಸೇರಿಸಿತು’ ಅಂತ ಒಬ್ಬ ಹುಡುಗ ಭಾಷಣದಲ್ಲಿ ಬರೆದುಕೊಂಡು ಬಂದಿದ್ದ. ದೀಪಕ್ಕೆ ಬೇರಿಲ್ಲ, ಬೇರು ಬಿಟ್ಟದ್ದು ದಡಕ್ಕೆ ಹೋಗುವುದಿಲ್ಲ. ಕೇಳುವವರು ಮೊದಲ ಚಿತ್ರ ಕಟ್ಟುವಷ್ಟರಲ್ಲಿ ಎರಡನೆಯದು ಅದನ್ನು ಕೆಡವುತ್ತದೆ. ದೀಪವನ್ನೇ ಇಟ್ಟುಕೊಳ್ಳಲು ಹೇಳಿದೆ. ಎಣ್ಣೆ ಯಾರು ಹಾಕಿದರು, ಬತ್ತಿ ಯಾರು ಹೊಸೆದರು ಅಂತ ಬರೆ ಅಂದೆ. ಬರೆದ. ಕಟ್ಟಡಕ್ಕೆ ಜಾಗ ಕೊಟ್ಟವರ ಹೆಸರೂ, ಮೊದಲ ವರ್ಷ ಸಂಬಳವಿಲ್ಲದೆ ಕಲಿಸಿದ ಮಾಸ್ತರರ ಹೆಸರೂ ಆ ಒಂದೇ ರೂಪಕದೊಳಗೆ ತಾವಾಗಿ ಬಂದು ಕೂತವು.

ಹೋಲಿಸುವ ವಸ್ತು ಯಾರ ಮನೆಯದು?

ಉಪಮೆ ಆರಿಸಿದಿರೋ, ರೂಪಕ ಆರಿಸಿದಿರೋ, ಅದಕ್ಕಿಂತ ದೊಡ್ಡ ಆಯ್ಕೆ ಇನ್ನೊಂದಿದೆ. ಯಾವುದಕ್ಕೆ ಹೋಲಿಸುತ್ತೀರಿ? ಆ ವಸ್ತು ಓದುವವರ ಮನೆಯಲ್ಲಿ ಇರಬೇಕು.

ಬ್ಯಾಡಗಿ ಮೆಣಸಿನಕಾಯಿಯನ್ನೇ ತಗೊಳ್ಳಿ. ಕಡ್ಡಿ ತಳಿ ಇರಲಿ, ಡಬ್ಬಿ ತಳಿ ಇರಲಿ, ಅದರ ಹೆಸರಿರುವುದು ಬಣ್ಣಕ್ಕೆ. ಕಡುಗೆಂಪು, ಖಾರ ಕಡಿಮೆ. “ನಮ್ಮ ಸಾಹೇಬರ ಸಿಟ್ಟು ಬ್ಯಾಡಗಿ ಮೆಣಸಿನಕಾಯಿ ಇದ್ದಂಗ” ಅಂತ ಹಾವೇರಿಯಲ್ಲಿ ಹೇಳಿದರೆ ಅದು ಪ್ರೀತಿಯ ಮಾತು. ಮುಖ ಕೆಂಪಾಗುತ್ತದೆ, ಸುಡುವುದಿಲ್ಲ ಅಂತ. ಈ ಮೆಣಸಿನಕಾಯಿಯನ್ನು ಬಳಸದ ಊರಿನವರು ಅದೇ ವಾಕ್ಯ ಓದಿದರೆ ಸಾಹೇಬರು ಭಾಳ ಖಾರ ಅಂದುಕೊಳ್ಳುತ್ತಾರೆ. ಅರ್ಥ ಪೂರ್ತಿ ತಿರುಗಿಬಿಟ್ಟಿತು.

ಮಳೆಯೂ ಹಾಗೆಯೇ. ಧಾರವಾಡದ ಜಿಟಿಜಿಟಿ ಮಳೆ ಒಬ್ಬರಿಗೆ ಗಿರಮಿಟ್ಟು ಮಿರ್ಚಿ ನೆನಪು ಮಾಡಿದರೆ, ಗದಗ ಕಡೆಯ ಎರೆ, ಅಂದರೆ ಕಪ್ಪು ಮಣ್ಣಿನ, ಹೊಲದವರಿಗೆ ಮಳೆ ಅಂದರೆ ದಾರಿ ಕಾಯುವ ವಸ್ತು. ‘ಮಳೆಯ ಹಾಗೆ ಬಂದೆ’ ಅಂದರೆ ಇಬ್ಬರ ಮನಸ್ಸಿನಲ್ಲೂ ಏಳುವ ಭಾವ ಬೇರೆ ಬೇರೆ. ಎರೆ ನೆಲ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ನೋಡಿದವರಿಗೆ ‘ಎರೆ ಹೊಲದ ಹಾಗೆ ಬಾಯಿ ಬಿಟ್ಟಿತ್ತು’ ಸಾಕು. ನೋಡದವರಿಗೆ ಆ ಬಿರುಕನ್ನು ಒಂದು ಸಾಲಿನಲ್ಲಿ ತೋರಿಸಿ ಆಮೇಲೆ ಹೋಲಿಸಬೇಕು.

ಈ ವಿಷಯದಲ್ಲಿ ನನಗೆ ದಾರಿ ತೋರಿಸಿದವರು ಇಬ್ಬರು, ಇಬ್ಬರೂ ಇಲ್ಲಿಯವರೇ. ಒಬ್ಬ ಗದಗ ಹತ್ತಿರದ ಮುಳಗುಂದದ ನಯಸೇನ. 12ನೇ ಶತಮಾನದ ಕವಿ. ಕನ್ನಡದಲ್ಲಿ ಸಂಸ್ಕೃತವನ್ನು ತುರುಕಬಾರದು ಅನ್ನುವುದು ಅವನ ವಾದ. ಅದನ್ನು ಹೇಳಲು ಅವನು ಹುಡುಕಿದ ಹೋಲಿಕೆ ತುಪ್ಪ ಮತ್ತು ಎಣ್ಣೆಯದು. ಎರಡೂ ಒಳ್ಳೆಯವೇ, ಬೆರೆಸಿದರೆ ಎರಡೂ ಕೆಡುತ್ತವೆ. ಅಡುಗೆಮನೆ ಇರುವ ಯಾರಿಗೂ ಇದಕ್ಕೆ ವಿವರಣೆ ಬೇಡ. ಅವನ ಕಾವ್ಯದಲ್ಲಿ ಇಂಥ ಉಪಮೆಗಳು, ಗಾದೆಗಳು ರಾಶಿ ರಾಶಿ ಬರುತ್ತವೆ. ಕೂತು ಕೇಳುವ ಜನಕ್ಕೆ ಆ ರಾಶಿ ಹಬ್ಬ. ಇವತ್ತು ಮೊಬೈಲಿನಲ್ಲಿ ಓದುವವರಿಗೆ ಒಂದು ಮಾತಿಗೆ ಒಂದು ಉಪಮೆ ಸಾಕು ಅನ್ನುವುದು ನನ್ನ ಅನುಭವ. ಮೂರನೆಯದು ಬರುವಷ್ಟರಲ್ಲಿ ಮೊದಲನೆಯದನ್ನು ಮರೆತಿರುತ್ತಾರೆ.

ಇನ್ನೊಬ್ಬರು ಶಿಶುನಾಳ ಶರೀಫರು. ಅಜ್ಞಾನದ ಬಗ್ಗೆ ಹೇಳಲು ಅವರು ಎತ್ತಿಕೊಂಡದ್ದು ಸೋರುವ ಮನೆಯ ಮಾಳಿಗೆ. ಆಗ ಈ ಭಾಗದ ಮನೆಗಳ ಮೇಲೆ ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಮಣ್ಣು ಹಾಕಿ ಗಟ್ಟಿ ಮಾಡದಿದ್ದರೆ ರಾತ್ರಿ ಹಾಸಿಗೆ ಎಳೆದಾಡಬೇಕು. ಕೇಳುವವರೆಲ್ಲ ಆ ಪಾಡು ಪಟ್ಟವರು. ತತ್ವ ಒಳಗೆ ಇಳಿದದ್ದು ಆ ತೊಯ್ದ ಹಾಸಿಗೆಯ ದಾರಿಯಿಂದ. ಈಗ ಆರ್‌ಸಿಸಿ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆ ಈ ಹಾಡು ಹೇಳಿಕೊಡುವಾಗ ನಾನು ಮೊದಲು ಮಾಳಿಗೆಯನ್ನು ವರ್ಣಿಸುತ್ತೇನೆ. ಎಲ್ಲಿ ಹನಿ ಬಿದ್ದರೆ ಅಲ್ಲಿ ಪಾತ್ರೆ ಇಡುತ್ತಿದ್ದುದು, ರಾತ್ರಿಯಿಡೀ ಆ ಟಪ್ ಟಪ್ ಸದ್ದು. ಆಮೇಲೆ ಹಾಡು.

ಗಾದೆ ಅಥವಾ ಕಥೆ

ಮೊದಲ ಕರಪತ್ರದ ಕೊನೆಗೆ ನಾನು ‘ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ’ ಅಂತ ಗಾದೆಯನ್ನೂ ಹಾಕಿದ್ದೆ. ತಪ್ಪು ಗಾದೆಯೇನಲ್ಲ. ಆದರೆ ಅದು ಒಬ್ಬರನ್ನೂ ಕದಲಿಸಲಿಲ್ಲ. ಯಾಕೆ ಅಂತ ಬಹಳ ಯೋಚನೆ ಮಾಡಿದ್ದೇನೆ.

ಗಾದೆ ಎಲ್ಲರದೂ. ಅದನ್ನು ಕೇಳಿದ ಕೂಡಲೇ ತಲೆಯಾಡಿಸುತ್ತೇವೆ. ತಲೆಯಾಡಿಸಿದ ಮೇಲೆ ಮಾತು ಮುಗಿದ ಹಾಗೆ ಅನ್ನಿಸುತ್ತದೆ. ಮಾತು ಮುಗಿಸಬೇಕಾದ ಕಡೆ ಇದು ಬಲು ಒಳ್ಳೆಯ ಗುಣ. ಪಂಚಾಯಿತಿ ಕಟ್ಟೆಯಲ್ಲಿ ಜಗಳ ಎಳೆದಾಡಿ ಎಲ್ಲರೂ ಸುಸ್ತಾದಾಗ ಹಿರಿಯರು ಒಂದು ಗಾದೆ ಹೇಳಿ ಎದ್ದರೆ ಉಳಿದವರೂ ಏಳುತ್ತಾರೆ. ಯಾರೂ ಸೋತ ಹಾಗಾಗುವುದಿಲ್ಲ. ಆ ಮಾತು ಯಾರೊಬ್ಬರದೂ ಅಲ್ಲವಲ್ಲ.

ಒಪ್ಪದವರನ್ನು ಒಪ್ಪಿಸಲು ಮಾತ್ರ ಗಾದೆ ಕೈಕೊಡುತ್ತದೆ. ನೀವು ‘ತಾಳಿದವನು ಬಾಳಿಯಾನು’ ಅಂದರೆ ಅವರು ‘ನಾಳೆ ಎಂದವನ ಮನೆ ಹಾಳು’ ಅನ್ನುತ್ತಾರೆ. ಎರಡೂ ಗಾದೆಗಳೇ. ಅಲ್ಲಿಗೆ ಸಮ ಸಮ.

ಕಥೆಗೆ ಹೀಗೆ ಎದುರು ಹೇಳುವುದು ಕಷ್ಟ. ಅದರಲ್ಲಿ ನೀವು ತೀರ್ಪು ಹೇಳಿರುವುದಿಲ್ಲ, ನಡೆದದ್ದನ್ನು ಹೇಳಿರುತ್ತೀರಿ. ತೀರ್ಪು ಓದಿದವರದು. ತಾವೇ ಮುಟ್ಟಿದ ತೀರ್ಪನ್ನು ಜನ ಸುಲಭವಾಗಿ ಬಿಡುವುದಿಲ್ಲ. ಹೂಳು ತೆಗೆದ ಮೊದಲ ದಿನ ನಮ್ಮೂರ ಒಬ್ಬ ತಾಯಿ, ಹೊಲವೂ ಇಲ್ಲ, ಟ್ರ್ಯಾಕ್ಟರೂ ಇಲ್ಲ, ಒಂದು ಕೊಡ ಮಜ್ಜಿಗೆ ಹೊತ್ತುಕೊಂಡು ಕೆರೆಗೆ ಬಂದರು. ಬಿಸಿಲಲ್ಲಿ ನಿಂತು ಎಲ್ಲರಿಗೂ ಹಾಕಿದರು. ಮುಂದಿನ ವಾರ ನಾನು ಇದನ್ನು ನಾಲ್ಕು ಸಾಲಿನಲ್ಲಿ ಬರೆದು ಊರವರಿಗೆ ಕಳಿಸಿದೆ. ‘ಎಲ್ಲರೂ ಕೈಜೋಡಿಸಬೇಕು’ ಎಂಬ ಸಾಲನ್ನು ಬರೆಯಲೇ ಇಲ್ಲ. ಎರಡನೇ ಸೋಮವಾರ ರೊಟ್ಟಿ ಬಂತು, ಪಲ್ಯ ಬಂತು, ಕಾಲೇಜಿಗೆ ಹೋಗುವ ಹುಡುಗರೂ ಬಂದರು.

ನೇರವಾಗಿ ಹೇಳಿದರೆ ಜಗಳವಾಗುವ ವಿಷಯ ಇದ್ದರೆ ಕಥೆಯಲ್ಲೇ ಇನ್ನೊಂದು ಬಗೆ ಇದೆ. ಮನುಷ್ಯರ ಮಾತನ್ನು ಬೇರೆ ವಸ್ತುಗಳ ಬಾಯಲ್ಲಿ ಹೇಳಿಸುವುದು. ಅನ್ಯೋಕ್ತಿ ಅಂತ ಇದಕ್ಕೆ ಹೆಸರು. ಬಾಡ ಗ್ರಾಮದ, ಈಗಿನ ಹಾವೇರಿ ಜಿಲ್ಲೆಯವರಾದ ಕನಕದಾಸರು ಮೇಲು ಕೀಳಿನ ಪ್ರಶ್ನೆಯನ್ನು ಭತ್ತ ಮತ್ತು ರಾಗಿಯ ಜಗಳವಾಗಿ ಹಾಡಿದರು. ತೀರ್ಪು ಹೇಳಬೇಕಾದ ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ಕಾಳುಗಳ ಜಗಳವಾದ್ದರಿಂದ ಮೇಲಿನವರೂ ಕೂತು ಕೇಳಬಹುದು, ಸಿಟ್ಟು ಬರುವ ಮೊದಲೇ ಕಥೆ ಒಳಗೆ ಹೋಗಿರುತ್ತದೆ. ಆದರೆ ಅನ್ಯೋಕ್ತಿ ಬರೆಯಲು ತಾಳ್ಮೆ ಬೇಕು. ಎರಡೂ ಕಡೆಯ ಮಾತಿಗೆ ತೂಕ ಕೊಡಬೇಕು. ರಾಗಿ ಗೆಲ್ಲಲಿ ಅಂತ ಭತ್ತವನ್ನು ದಡ್ಡ ಮಾಡಿದರೆ ಓದುವವರು ಎದ್ದು ಹೋಗುತ್ತಾರೆ.

ಅತಿಶಯೋಕ್ತಿ, ಪ್ರಶ್ನೆ, ನಿಂದಾಸ್ತುತಿ, ಪ್ರಾಸ

ಅತಿಶಯೋಕ್ತಿ ಮಗುವಿನ ತೊಟ್ಟಿಲ ಹತ್ತಿರ ಚೆನ್ನ. ಲಾವಣಿಯಲ್ಲಿ, ಕುಸ್ತಿಯ ಮಾತಿನಲ್ಲಿ, ಗೆಳೆಯರ ಹರಟೆಯಲ್ಲಿ ಚೆನ್ನ. ಅರ್ಜಿಯಲ್ಲಿ ಬೇಡ. ನಮ್ಮ ಓಣಿಯ ಚರಂಡಿ ವಿಷಯಕ್ಕೆ ಒಂದು ಕಚೇರಿಗೆ ‘ಸಾವಿರ ಸಲ ಹೇಳಿದ್ದೇವೆ, ಓಣಿಗೆ ಓಣಿಯೇ ನರಕವಾಗಿದೆ’ ಅಂತ ಬರೆದಿದ್ದೆವು. ಉತ್ತರ ಬರಲಿಲ್ಲ. ಆಮೇಲೆ ಕೊಟ್ಟ ಮೂರು ಅರ್ಜಿಗಳ ತಾರೀಖು, ನೀರು ಒಳಗೆ ಬಂದ ಮನೆಗಳ ಸಂಖ್ಯೆ, ನೀರು ಗೋಡೆಯ ಮೇಲೆ ಎಷ್ಟು ಎತ್ತರಕ್ಕೆ ಗುರುತು ಬಿಟ್ಟಿದೆ ಅನ್ನುವುದು ಇಷ್ಟನ್ನೇ ಬರೆದೆವು. ಹತ್ತೇ ದಿನದಲ್ಲಿ ಅಳೆಯಲು ಬಂದರು. ‘ಸಾವಿರ’ ಓದಿದವರಿಗೆ ಇದು ಬರೀ ಸಿಟ್ಟು ಅಂತ ಪಕ್ಕಕ್ಕೆ ಇಡುವುದು ಸುಲಭ. ‘ಮೂರು’ ಅಂತ ಬರೆದು ತಾರೀಖು ಹಾಕಿದರೆ ಪಕ್ಕಕ್ಕೆ ಇಡಲು ಕಷ್ಟ.

ಉತ್ತರ ಬಯಸದ ಪ್ರಶ್ನೆ, ‘ಇದು ನ್ಯಾಯವೇ?’ ಎಂಬಂಥದ್ದು, ಮುಖಾಮುಖಿ ಮಾತಿನಲ್ಲಿ ಬಲವಾಗಿರುತ್ತದೆ. ಕಾಗದದಲ್ಲಿ ಓದುವವರು ಒಬ್ಬರೇ ಇರುತ್ತಾರೆ. ಅವರು ‘ಹೌದು, ನ್ಯಾಯವೇ’ ಅಂದುಕೊಂಡರೆ ತಡೆಯುವವರಿಲ್ಲ. ಉತ್ತರ ಏನು ಬರುತ್ತದೆ ಅಂತ ಖಾತ್ರಿ ಇದ್ದರೆ ಮಾತ್ರ ಒಂದು ಪ್ರಶ್ನೆ ಕೇಳಿ, ಒಂದರ ಮೇಲೊಂದು ಬೇಡ.

ಹೊಗಳಿದ ಹಾಗೆ ತೆಗಳುವುದು, ತೆಗಳಿದ ಹಾಗೆ ಹೊಗಳುವುದು ದನಿಯ ಮೇಲೆ ನಿಂತ ಕಲೆ. ವಾಟ್ಸ್ಆ್ಯಪ್‌ನಲ್ಲಿ ದನಿ ಹೋಗುವುದಿಲ್ಲ. ದೂರದ ಊರಿನ ಹಿರಿಯರಿಗೆ ಹಾಗೆ ಬರೆದು ಮನಸ್ಸು ನೋಯಿಸಿದವರನ್ನು ನೋಡಿದ್ದೇನೆ. ನನ್ನ ಸಲಹೆ, ಬರಹದಲ್ಲಿ ಇದನ್ನು ಬಿಟ್ಟುಬಿಡಿ.

ಪ್ರಾಸ ನೆನಪಿಗೆ. ಗೋಡೆ ಬರಹ, ಮೆರವಣಿಗೆಯ ಘೋಷಣೆ, ಮಕ್ಕಳ ಪದ್ಯ. ‘ಕೆರೆ ತುಂಬಿದರ ಮನಿ ತುಂಬೀತು’ ಅಂತ ನಮ್ಮೂರ ಹುಡುಗರು ಗುಡಿಯ ಗೋಡೆಗೆ ಬರೆದರು. ‘ತುಂಬು’ ಎರಡು ಸಲ ಬಂದದ್ದರಿಂದ ಆರು ವರ್ಷದ ಮಗುವಿನ ಬಾಯಲ್ಲೂ ಅದು ನಿಂತಿತು. ದುಃಖದ ಬರಹದಲ್ಲಿ ಪ್ರಾಸ ಕೇಳಿಸಿದರೆ ಬರೆದವರು ಪದ ಹುಡುಕುತ್ತಾ ಕೂತಿದ್ದರು ಅನ್ನಿಸುತ್ತದೆ.

ಇದ್ದದ್ದನ್ನು ಇದ್ದ ಹಾಗೆ

ಎರಡನೇ ಕರಪತ್ರದಲ್ಲಿ ಅಲಂಕಾರವೇ ಇಲ್ಲ ಅಂತ ನಿಮಗೆ ಅನ್ನಿಸಿರಬಹುದು. ಇದೆ. ಸ್ವಭಾವೋಕ್ತಿ. ವಸ್ತುವನ್ನು ಅದು ಇರುವ ಹಾಗೆ, ಕಣ್ಣಿಗೆ ಕಟ್ಟುವಂತೆ ಹೇಳುವುದು. ಅಲಂಕಾರಗಳ ಬಗ್ಗೆ ಬರೆದ ಸಂಸ್ಕೃತದ ಪಂಡಿತ ದಂಡಿ ಅರ್ಥಾಲಂಕಾರಗಳನ್ನು, ಅಂದರೆ ಅರ್ಥದ ಮೇಲೆ ನಿಂತ ಅಲಂಕಾರಗಳನ್ನು, ಎಣಿಸುವಾಗ ಮೊದಲು ಇಟ್ಟದ್ದೇ ಇದನ್ನು. ಇದು ಅಲಂಕಾರವೇ ಅಲ್ಲ ಅಂತ ಆಮೇಲೆ ಬಂದ ಇನ್ನೊಬ್ಬ ಸಂಸ್ಕೃತ ಪಂಡಿತ ಕುಂತಕ ವಾದ ಮಾಡಿದ. ಆ ವಾದ ಪಂಡಿತರದು. 9ನೇ ಶತಮಾನದ ಕವಿರಾಜಮಾರ್ಗ ದಂಡಿಯ ದಾರಿಯಲ್ಲೇ ಅಲಂಕಾರಗಳನ್ನು ಕನ್ನಡಕ್ಕೆ ತಂದಿತು. ಕನ್ನಡದ ತಿರುಳು ಇರುವ ನಾಡು ಅಂತ ಅದು ಗುರುತಿಸಿದ ಊರುಗಳಲ್ಲಿ ಪುಲಿಗೆರೆಯೂ ಒಂದು. ಅದೇ ಈಗಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗಲೆಲ್ಲ ನನಗೆ ಇದು ನೆನಪಾಗಿ ಖುಷಿಯಾಗುತ್ತದೆ.

ಸ್ವಭಾವೋಕ್ತಿ ಸುಲಭ ಅಂತ ಕಾಣುತ್ತದೆ, ಸುಲಭವಿಲ್ಲ. ಕಂಡದ್ದನ್ನೆಲ್ಲ ಬರೆದರೆ ಅದು ಪಟ್ಟಿ. ಕೆರೆಯ ಬಗ್ಗೆ ನಾನು ಎಷ್ಟೋ ಬರೆಯಬಹುದಿತ್ತು. ಆಪು ಹುಲ್ಲು ಬೆಳೆದದ್ದು, ಕಟ್ಟೆ ಕುಸಿದದ್ದು, ನೀರಿನ ಬಣ್ಣ. ಆರಿಸಿದ್ದು ಪಾವಟಿಗೆಯನ್ನು. ಅದರ ಮೇಲೆ ಊರಿನ ಎಲ್ಲರ ಕಾಲೂ ಬಿದ್ದಿತ್ತು. ಎಂಟನೆಯದರ ಮೇಲೆ ಅರಿವೆ ಒಗೆದ ನೆನಪನ್ನು ನಾನು ಬರೆದಿರಲಿಲ್ಲ, ಅಜ್ಜಿ ತಾವೇ ತಂದರು. ಓದುವವರ ನೆನಪು ಬಂದು ಸೇರಿಕೊಳ್ಳಲು ಜಾಗ ಬಿಟ್ಟ ವಿವರವೇ ಒಳ್ಳೆಯ ವಿವರ. ‘ತಾಯಿ’ ಅಂದಾಗ ಆ ಜಾಗವನ್ನು ನಾನೇ ತುಂಬಿಬಿಟ್ಟಿದ್ದೆ.

ಸಾವಿನ ಮನೆಗೆ ಬರೆಯುವಾಗ ನಾನು ಬೇರೆ ಯಾವುದನ್ನೂ ಬಳಸುವುದಿಲ್ಲ. ಅಪ್ಪ 2 ವರ್ಷದ ಹಿಂದೆ ತೀರಿಕೊಂಡಾಗ ‘ತುಂಬಲಾರದ ನಷ್ಟ’ ಅಂತ ಬಹಳ ಜನ ಬರೆದರು. ಎಲ್ಲರ ಮನಸ್ಸೂ ಒಳ್ಳೆಯದೇ. ‘ಹುಟ್ಟಿದವರು ಒಂದು ದಿನ ಹೋಗಲೇಬೇಕು’ ಅಂತ ಬರೆದವರೂ ಇದ್ದರು. ಅದು ನಿಜವಾದರೂ ಆ ದಿನ ಚುಚ್ಚಿತು. ಅಪ್ಪನ ಹಳೆಯ ಗೆಳೆಯರೊಬ್ಬರು ಇಷ್ಟೇ ಬರೆದಿದ್ದರು: “ನಿಮ್ಮಪ್ಪ ನನಗ ಸೈಕಲ್ ಕಲಿಸಿದಾ. ನಾ ಮೂರು ಸಲ ಬಿದ್ದೆ. ಒಮ್ಮೆಯೂ ನಗಲಿಲ್ಲ. ಮೊಣಕಾಲಿನ ಮಣ್ಣು ತಾನೇ ಝಾಡಿಸಿದಾ.” ನಾನು ಹುಟ್ಟುವ ಮುಂಚಿನ ಅಪ್ಪನನ್ನು ಆ ಕಾಗದ ನನಗೆ ಕೊಟ್ಟಿತು. ಅದನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಬರಹದ ಬಗೆಯನ್ನು ಆರಿಸುವುದು

ಅಲಂಕಾರದ ಮಾತಾಯಿತು. ಅದಕ್ಕಿಂತ ಹೊರಗಿನ ಆಯ್ಕೆ ಒಂದಿದೆ: ಕಥೆ ಹೇಳುವುದೋ, ವರ್ಣಿಸುವುದೋ, ವಿವರಿಸುವುದೋ, ವಾದ ಮಾಡುವುದೋ. ಬರೀ ಒಂದರಲ್ಲೇ ನಿಲ್ಲುವ ಬರಹ ಕಡಿಮೆ. ಯಾವುದು ಮೊದಲು, ಯಾವುದು ಎಷ್ಟು ಅನ್ನುವುದೇ ಆಯ್ಕೆ.

ಪತ್ರಿಕೆಯ ವಾಚಕರ ವಾಣಿಗೆ ಬರೆಯುವಾಗ ವಾದ ಮೊದಲು ಬರಲಿ. ಜಾಗ ಕಡಿಮೆ, ಕೊನೆಯ ಸಾಲು ಕತ್ತರಿಸಿ ಹೋಗಬಹುದು. ಬೀಳ್ಕೊಡುಗೆಯಲ್ಲಿ ಒಂದು ಕಥೆ ಮೊದಲು, ಗುಣಗಳ ಪಟ್ಟಿ ಬೇಡವೇ ಬೇಡ. ‘ಸರಳ, ಸಜ್ಜನ, ಸಮಯಪಾಲಕ’ ಅಂದರೆ ಯಾವ ಮಾಸ್ತರರಿಗೂ ಹೊಂದುತ್ತದೆ. ಗಂಟೆ ಬಾರಿಸುವವರು ಬಾರದ ದಿನ ತಾವೇ ಬಾರಿಸಿದರು ಅಂದರೆ ಅವರೊಬ್ಬರೇ ಕಾಣುತ್ತಾರೆ. ಜನರನ್ನು ಕೆಲಸಕ್ಕೆ ಕರೆಯುವಾಗ ವರ್ಣನೆ ಎರಡು ಸಾಲು, ಉಳಿದದ್ದೆಲ್ಲ ವಿವರ. ಯಾವತ್ತು, ಎಲ್ಲಿ, ಏನು ತರಬೇಕು, ಅವರಿಗೇನು ಸಿಗುತ್ತದೆ. ಹೂಳು ಹೊಲಕ್ಕೆ ಒಳ್ಳೆಯದು ಅಂತ ನಮ್ಮ ರೈತರಿಗೆ ವಾದ ಮಾಡಿ ಹೇಳಬೇಕಿಲ್ಲ. ‘ಒಯ್ಯಬಹುದು’ ಎಂಬ ಒಂದು ಪದ ಸಾಕಾಯಿತು.

ಈ ವರ್ಷದ ಕರಪತ್ರಕ್ಕೆ ಮೂರು ರೀತಿಯ ಶುರುವಾತು ಬರೆದು ನೋಡಿದೆ. ಒಂದು ಗಾದೆಯಿಂದ. ಒಂದು ಹೋದ ವರ್ಷದ ಮಜ್ಜಿಗೆಯ ಕಥೆಯಿಂದ. ಕಥೆಯನ್ನು ಬಿಡಲು ಮನಸ್ಸಿರಲಿಲ್ಲ, ಆದರೆ ಅದು ಊರಿಗೆಲ್ಲ ಈಗ ಗೊತ್ತು. ಹಾಗಾಗಿ ಮೂರನೆಯದನ್ನೇ ಇಟ್ಟುಕೊಂಡೆ. ನಾಳೆ ಅಚ್ಚಿಗೆ ಕೊಡುತ್ತಿದ್ದೇನೆ.

“ಎಂಟನೇ ಪಾವಟಿಗೆ ಬಂದಿದೆ. ಒಂಬತ್ತನೆಯದೂ ಕಾಣುತ್ತಿದೆ. ಇನ್ನು 3 ಹೂಳಿನಲ್ಲಿವೆ. ಸೋಮವಾರ ಮುಂಜಾನೆ 7 ಗಂಟೆಗೆ ಗುದ್ದಲಿ, ಸಲಿಕೆ, ಬುಟ್ಟಿ ತರಬೇಕು.”